ಪರದೆಯ ಮೂಲಕ ಮಾನಸಿಕ ಆಘಾತಕ್ಕೆ ಚಿಕಿತ್ಸೆ

ಅಪಘಾತ, ಲೈಂಗಿಕ ದೌರ್ಜನ್ಯ, ಗಲಭೆ, ಪ್ರವಾಹ, ಭೂಕಂಪ ಮುಂತಾದ ಘೋರ ಅನುಭವಗಳ ನೋವು, ಮೈಮೇಲಿನ ಗಾಯ ಮಾಗಿದ ಮೇಲೂ ಮನಸ್ಸಿನಲ್ಲಿ ಉಳಿಯುವುದುಂಟು. ಬಹುಮಂದಿ ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಅದೇ ಘಟನೆಯು ಮತ್ತೆ ಮತ್ತೆ ಕಣ್ಣೆದುರು ನಡೆಯುತ್ತಿರುವಂತೆ ಭಾಸವಾಗುತ್ತದೆ. ಅವರು ದುಃಸ್ವಪ್ನಗಳಿಂದ ಎಚ್ಚರಗೊಳ್ಳುತ್ತಾರೆ. ಘಟನೆಯನ್ನು ನೆನಪಿಸುವ ಸ್ಥಳ ಮತ್ತು ಮಾತುಗಳಿಂದ ದೂರ ಸರಿಯುತ್ತಾರೆ. ಬಾಗಿಲು ಬಡಿದ ಸದ್ದಿಗೂ ಬೆಚ್ಚಿಬೀಳುತ್ತಾರೆ. ಈ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದು ದಿನನಿತ್ಯದ ಬದುಕನ್ನು ಕೆಡಿಸತೊಡಗಿದಾಗ ಅದನ್ನು ಆಘಾತೋತ್ತರ ಒತ್ತಡದ ಬೇನೆ ಎಂದು ಗುರುತಿಸಲಾಗುತ್ತದೆ. ಇದು ಮನೋದೌರ್ಬಲ್ಯವಲ್ಲ, ಚಿಕಿತ್ಸೆಗೆ ಒಳಪಡುವ ಕಾಯಿಲೆ.

ಇದರ ಮುಖ್ಯ ಚಿಕಿತ್ಸೆ ಮಾತು. ತರಬೇತಿ ಪಡೆದ ಚಿಕಿತ್ಸಕರು ವಾರಕ್ಕೊಮ್ಮೆಯಂತೆ, ಸುಮಾರು ಎಂಟರಿಂದ ಹದಿನೈದು ಭೇಟಿಗಳಲ್ಲಿ, ರೋಗಿಯು ಯಾವ ನೆನಪಿಗೆ ಹೆದರಿ ಓಡುತ್ತಿರುವರೋ ಆ ನೆನಪನ್ನೇ ಸುರಕ್ಷಿತ ವಾತಾವರಣದಲ್ಲಿ ಸ್ವಲ್ಪ ಸ್ವಲ್ಪವಾಗಿ ಎದುರಿಸಲು ನೆರವಾಗುತ್ತಾರೆ. ‘ತಪ್ಪು ನನ್ನದೇ’ ಎಂಬಂತಹ ಬೇರೂರಿದ ಭಾವನೆಗಳನ್ನೂ ಒರೆಗೆ ಹಚ್ಚಲಾಗುತ್ತದೆ. ಚಿಕಿತ್ಸೆಯ ಸಾಧನ ಮಾತೇ ಆಗಿರುವುದರಿಂದ, ಅದನ್ನು ವಿಡಿಯೊ ಕರೆಯ ಮೂಲಕ ನೀಡಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಆಸ್ಪತ್ರೆಯಲ್ಲಿ ಎದುರಾಎದುರು ನೀಡಿದ ಚಿಕಿತ್ಸೆಯನ್ನೂ ವಿಡಿಯೊ ಮೂಲಕ ನೀಡಿದ ಚಿಕಿತ್ಸೆಯನ್ನೂ ಹೋಲಿಸಿ ನೋಡಿದ ಹಲವು ಅಧ್ಯಯನಗಳಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕೀಳಾಗಿ ಕಂಡುಬರಲಿಲ್ಲ.

ಭಾರತದಲ್ಲಿ 2020ರ ಮಾರ್ಚ್ 25ರಂದು ಪ್ರಕಟವಾದ ದೂರವೈದ್ಯ ಮಾರ್ಗಸೂಚಿಗಳು ನೋಂದಾಯಿತ ವೈದ್ಯರು ದೇಶದ ಯಾವುದೇ ಭಾಗದಲ್ಲಿರುವ ರೋಗಿಗೆ ಸಲಹೆ ನೀಡಲು ಅವಕಾಶ ಕಲ್ಪಿಸಿದವು. ಹೊರನಾಡ ಕನ್ನಡಿಗರಿಗೆ ಇದರ ಮಹತ್ವ ಸಣ್ಣದಲ್ಲ. ಪುಣೆಯಲ್ಲಿ ಇಪ್ಪತ್ತು ವರ್ಷ ನೆಲೆಸಿ ಮರಾಠಿಯಲ್ಲಿ ಸರಾಗವಾಗಿ ವ್ಯವಹರಿಸುವವರಿಗೂ, ಬಾಲ್ಯದಲ್ಲಿ ಆದ ನೋವನ್ನು ಹೇಳುವಾಗ ಮಾತು ತಾಯ್ನುಡಿಯಲ್ಲೇ ಬರುತ್ತದೆ. ಅಂತಹವರು ಧಾರವಾಡದ ಅಥವಾ ಬೆಂಗಳೂರಿನ ಮನೋವೈದ್ಯರೊಡನೆ ಕನ್ನಡದಲ್ಲೇ ಮಾತನಾಡುವುದು ಈಗ ಸಾಧ್ಯವಾಗಿದೆ.

ಆದರೆ ವಿಡಿಯೊ ಕರೆಯಲ್ಲಿ ಒಂದು ದೊಡ್ಡ ಬದಲಾವಣೆ ಇದೆ. ಆಸ್ಪತ್ರೆಯ ಕೋಣೆಗೆ ಬಾಗಿಲಿದೆ, ಅದನ್ನು ಮುಚ್ಚುವ ಹೊಣೆ ಚಿಕಿತ್ಸಕರದು. ವಿಡಿಯೊ ಕರೆಯಲ್ಲಿ ರೋಗಿಯ ಮನೆಯೇ ಚಿಕಿತ್ಸಾಲಯವಾಗುತ್ತದೆ. ಮುಂಬಯಿಯ ಚಾಳಿನಲ್ಲಿ ಒಂದೇ ಕೋಣೆಯಲ್ಲಿ ಐದಾರು ಮಂದಿ ವಾಸಿಸುವಾಗ ಬಾಗಿಲು ಎಲ್ಲಿಂದ ಬರಬೇಕು? ಮನೆಯವರು ಹೊರಗೆ ಹೋಗುವ ವೇಳೆಯನ್ನು ಆರಿಸಿಕೊಳ್ಳುವುದು, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದು, ಕೋಣೆಯ ಹೊರಗೆ ರೇಡಿಯೊ ಹಚ್ಚಿಡುವುದು, ಪರಿಚಿತರ ಮನೆಯ ಒಂದು ಮೂಲೆಯನ್ನು ಗಂಟೆಯ ಮಟ್ಟಿಗೆ ಕೇಳಿ ಪಡೆಯುವುದು ಇವೆಲ್ಲ ಜನರು ಕಂಡುಕೊಂಡಿರುವ ದಾರಿಗಳು. ಇದಾವುದೂ ಸಾಧ್ಯವಾಗದಿದ್ದರೆ ಆ ದಿನ ಆಘಾತದ ವಿಷಯವನ್ನು ಎತ್ತದಿರುವುದೇ ಲೇಸು.

ಹಿಂಸೆ ನೀಡಿದ ವ್ಯಕ್ತಿಯು ಅದೇ ಸೂರಿನಡಿ ಇರುವಾಗ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಆಗ ‘ಹೌದು’, ‘ಇಲ್ಲ’ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳಲಾಗುತ್ತದೆ. ಯಾರಾದರೂ ಒಳಗೆ ಬಂದರೆ ಬಳಸಲು ಒಂದು ಸಂಕೇತ ಪದವನ್ನು ಮೊದಲೇ ನಿಗದಿಪಡಿಸಲಾಗುತ್ತದೆ. ಆ ಪದ ಕೇಳಿದೊಡನೆ ಮಾತು ಹವಾಮಾನಕ್ಕೋ ಮಕ್ಕಳ ಓದಿಗೋ ತಿರುಗುತ್ತದೆ. ಇಂತಹ ಮನೆಯಲ್ಲಿ ಮೊದಲು ಬೇಕಾದುದು ರಕ್ಷಣೆ, ಹಳೆಯ ನೆನಪುಗಳ ಚಿಕಿತ್ಸೆ ಆನಂತರದ್ದು. ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತು ಸಂದರ್ಭದಲ್ಲಿ ಎಲ್ಲರಿಗೂ 112 ಸಂಖ್ಯೆಗಳು ಇರುವುದು ಇದಕ್ಕಾಗಿಯೇ.

ಆದುದರಿಂದ ನುರಿತ ಚಿಕಿತ್ಸಕರು ಪ್ರತಿ ಭೇಟಿಯ ಆರಂಭದಲ್ಲಿ ಕೆಲವು ವಿವರಗಳನ್ನು ಕೇಳುತ್ತಾರೆ: ಈಗ ಎಲ್ಲಿದ್ದೀರಿ, ವಿಳಾಸವೇನು, ಜೊತೆಯಲ್ಲಿ ಯಾರಿದ್ದಾರೆ, ಅಗತ್ಯ ಬಿದ್ದರೆ ಯಾರಿಗೆ ಕರೆ ಮಾಡಬೇಕು, ಸಂಪರ್ಕ ಕಡಿದರೆ ಯಾರು ಯಾರಿಗೆ ಮರಳಿ ಕರೆ ಮಾಡುವುದು. ಇದು ವಿಚಾರಣೆಯಂತೆ ತೋರಿದರೂ ಬೇಸರಪಡಬೇಕಾಗಿಲ್ಲ. ನೆನಪಿನ ಅತ್ಯಂತ ಕಠಿಣ ಗಳಿಗೆಯಲ್ಲಿ ಪರದೆ ನಿಶ್ಚಲವಾಗಿ, ರೋಗಿಯು ಒಂಟಿಯಾಗಿ ಉಳಿಯುವುದು ಈ ವಿಧಾನದ ನಿಜವಾದ ಅಪಾಯ. ಚಾರ್ಜ್ ಆದ ಫೋನು ಮತ್ತು ಸಾಮಾನ್ಯ ದೂರವಾಣಿ ಕರೆಯ ಬದಲಿ ವ್ಯವಸ್ಥೆ, ಇವೆರಡನ್ನೂ ಚಿಕಿತ್ಸೆಯ ಭಾಗವೆಂದೇ ಭಾವಿಸಬೇಕು.

ಪರದೆ ಬಹಳಷ್ಟನ್ನು ಮರೆಮಾಡುತ್ತದೆ. ಮುಖ ಕಾಣುತ್ತದೆ, ನಡುಗುವ ಕೈ ಕಾಣುವುದಿಲ್ಲ. ಮೌನ ಬಂದಾಗ ಅದು ದುಃಖದ ಮೌನವೋ ನೆಟ್‌ವರ್ಕ್‌ನ ಮೌನವೋ ತಿಳಿಯದು. ಹೀಗಾಗಿ ಕೈಗಳೂ ಕಾಣುವಂತೆ ಸ್ವಲ್ಪ ಹಿಂದೆ ಸರಿದು ಕುಳಿತುಕೊಳ್ಳಲು ಹೇಳಲಾಗುತ್ತದೆ. ತಮ್ಮದೇ ಮುಖವನ್ನು ಪರದೆಯಲ್ಲಿ ನೋಡುತ್ತ ಮಾತನಾಡುವುದು ಕಷ್ಟವೆನಿಸಿದರೆ ಆ ಚಿತ್ರವನ್ನು ಮರೆಮಾಡಬಹುದು. ಮನಸ್ಸು ಹಳೆಯ ಘಟನೆಗೆ ಜಾರಿದಾಗ, ಸುತ್ತ ಕಾಣುವ ಐದು ವಸ್ತುಗಳನ್ನು ಹೆಸರಿಸಿ, ಪಾದಗಳನ್ನು ನೆಲಕ್ಕೆ ಒತ್ತಿ, ಎಂದು ಚಿಕಿತ್ಸಕರು ಹೇಳುತ್ತಾರೆ. ಇಲ್ಲಿ ಮನೆಯೇ ಅನುಕೂಲವಾಗಿ ಪರಿಣಮಿಸುತ್ತದೆ: ಗೋಡೆಯ ಕ್ಯಾಲೆಂಡರು, ನೀರಿನ ತಂಬಿಗೆ, ಅಜ್ಜಿಯ ಕೌದಿ ಇವು ವರ್ತಮಾನಕ್ಕೆ ಕರೆತರುವ ಬಲವುಳ್ಳ ಸ್ವಂತ ವಸ್ತುಗಳು.

ಭೇಟಿಯ ಕೊನೆಯ ಕಾಲು ಗಂಟೆಗೆ ಸಾಮಾನ್ಯವಾಗಿ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲ. ಆಸ್ಪತ್ರೆಗೆ ಹೋದವರಿಗೆ ಮರಳುವ ಬಸ್ಸಿನ ಪ್ರಯಾಣವೇ ಒಂದು ವಿರಾಮ. ಮನೆಯಲ್ಲಿ ಕರೆ ಮುಗಿಸಿದವರು ಮರುಕ್ಷಣವೇ ಒಲೆಯ ಮುಂದೆ ನಿಲ್ಲಬೇಕಾಗಬಹುದು. ಆದುದರಿಂದ ಕಠಿಣ ವಿಷಯವನ್ನು ಮೊದಲೇ ಮುಗಿಸಿ, ಉಸಿರಾಟ ಸಮಸ್ಥಿತಿಗೆ ಬಂದ ಮೇಲೆಯೇ ಕರೆಯನ್ನು ಮುಗಿಸಬೇಕು. ಬಳಿಕ ಸ್ವಲ್ಪ ಹೊತ್ತು ಹೊರಗೆ ನಡೆದಾಡಿ ಬರುವುದು ಒಳ್ಳೆಯದು.

ಎಲ್ಲರಿಗೂ ಈ ಕ್ರಮ ಒಗ್ಗುವುದಿಲ್ಲ. ಆತ್ಮಹತ್ಯೆಯ ಆಲೋಚನೆ ಬಲವಾಗಿರುವವರು, ಆಗಾಗ ಎಚ್ಚರದ ಪರಿವೆ ತಪ್ಪುವವರು, ಮದ್ಯದ ಅಮಲಿಗೆ ಒಳಗಾದವರು ಸಮೀಪದ ಆಸ್ಪತ್ರೆಯಲ್ಲಿ ನೇರವಾಗಿ ವೈದ್ಯರನ್ನು ಕಾಣುವುದು ಅವಶ್ಯ. ಚಿಕಿತ್ಸಕರ ವಿದ್ಯಾರ್ಹತೆ ಮತ್ತು ನೋಂದಣಿಯ ವಿವರ ಕೇಳುವ ಹಕ್ಕು ರೋಗಿಗಿದೆ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಅಧಿನಿಯಮವು ಗೋಪ್ಯತೆಯ ಹಕ್ಕನ್ನೂ ನೀಡಿದೆ. ಅನುಮತಿಯಿಲ್ಲದೆ ಕರೆಯನ್ನು ಮುದ್ರಿಸಿಕೊಳ್ಳುವುದಕ್ಕೆ ರೋಗಿಯು ಆಕ್ಷೇಪಿಸಬಹುದು.

ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರಿಗೆ ಟೆಲಿ ಮಾನಸ್ ಸೇವೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ರಾಷ್ಟ್ರೀಯ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರವಾಗಿದೆ. 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಸಲಹೆ ದೊರೆಯುತ್ತದೆ. 2024ರಲ್ಲಿ ವಿಡಿಯೊ ಸಮಾಲೋಚನೆಯನ್ನೂ ಸೇರಿಸಲಾಯಿತು. ಅದು ಮೊದಲಿಗೆ ಕರ್ನಾಟಕ, ತಮಿಳುನಾಡು ಹಾಗೂ ಜಮ್ಮು-ಕಾಶ್ಮೀರಗಳಲ್ಲಿ ಆರಂಭವಾಯಿತು. ಒಂದು ಕರೆಯಿಂದಲೇ ಆಘಾತದ ಚಿಕಿತ್ಸೆ ಪೂರ್ಣಗೊಳ್ಳದು. ಕರೆ ಸ್ವೀಕರಿಸುವ ಸಲಹೆಗಾರರು ಅಗತ್ಯವಿದ್ದರೆ ತಜ್ಞರಿಗೆ ಸಂಪರ್ಕ ಕಲ್ಪಿಸುತ್ತಾರೆ. ಮೊದಲ ಕರೆಯಲ್ಲಿಯೇ ನಡೆದುದನ್ನೆಲ್ಲ ಹೇಳಬೇಕೆಂಬ ನಿಯಮವಿಲ್ಲ. ನಿದ್ರೆ ಬರುತ್ತಿಲ್ಲ ಎಂದಷ್ಟೇ ಹೇಳಿ ಮಾತು ಆರಂಭಿಸಬಹುದು.