ಸಹಿ ಹಾಕುವ ಮೊದಲು ಕನ್ನಡದಲ್ಲಿ ಕೇಳಿ

ಪುಣೆಯ ಆಸ್ಪತ್ರೆಯೊಂದರಲ್ಲಿ ನಾನು ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್. ಹೊಸ ಚಿಕಿತ್ಸೆಯ ಅಧ್ಯಯನಗಳಿಗೆ ರೋಗಿಗಳ ಒಪ್ಪಿಗೆ ಪಡೆದು ದಾಖಲೆ ಇಡುವುದು ನನ್ನ ಕೆಲಸ. ಕಳೆದ ಮಳೆಗಾಲದಲ್ಲಿ ಐಸಿಯು ಹೊರಗೆ ಸಿಂದಗಿ ಕಡೆಯ ಹೆಣ್ಣುಮಗಳೊಬ್ಬಳು ಕೂತಿದ್ದಳು. ಕಟ್ಟಡ ಕೆಲಸದ ಗಂಡನಿಗೆ ನ್ಯುಮೋನಿಯಾ ಉಲ್ಬಣಿಸಿ ಎಆರ್‌ಡಿಎಸ್ ಆಗಿತ್ತು. ಶ್ವಾಸಕೋಶದ ಗಾಳಿಚೀಲಗಳಲ್ಲಿ ದ್ರವ ತುಂಬಿ, ರಕ್ತಕ್ಕೆ ಸಾಕಷ್ಟು ಆಮ್ಲಜನಕ ಸೇರದ ಸ್ಥಿತಿ ಅದು. ವೆಂಟಿಲೇಟರ್ ಹಾಕಿದ್ದರು.

ನಮ್ಮ ಅಧ್ಯಯನಕ್ಕೆ ಅವನನ್ನು ಸೇರಿಸಿಕೊಳ್ಳಬಹುದಿತ್ತು. 48 ಗಂಟೆಯೊಳಗೆ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಪತ್ರ ಇದ್ದದ್ದು ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿ. ಆಕೆಗೆ ಬರುತ್ತಿದ್ದುದು ಕನ್ನಡ ಮಾತ್ರ.

"ಅಣ್ಣಾರ, ನಮ್ಮ ಮನೆಯವರ ಮ್ಯಾಲ ಪರೀಕ್ಷಾ ಮಾಡ್ತೀರೇನ್ರಿ?"

ಸರಿಯಾದ ಪ್ರಶ್ನೆ. ಹಿಂದೆ ಇಂಥ ರೋಗಿಗಳಿಗೆ ಯಂತ್ರದಿಂದ ದೊಡ್ಡ ದೊಡ್ಡ ಉಸಿರು ಕೊಡುತ್ತಿದ್ದರು. ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2000ರಲ್ಲಿ ಬಂತು. ಎತ್ತರದಿಂದ ಲೆಕ್ಕ ಹಾಕಿದ ದೇಹತೂಕದ ಕಿಲೋಗೆ 12 ಮಿಲಿಲೀಟರ್ ಉಸಿರು ಕೊಟ್ಟವರಲ್ಲಿ ಶೇ 39.8 ಮಂದಿ ತೀರಿಕೊಂಡರೆ, 6 ಮಿಲಿಲೀಟರ್ ಕೊಟ್ಟವರಲ್ಲಿ ಶೇ 31. ಜಾಸ್ತಿ ಗಾಳಿಯೇ ಶ್ವಾಸಕೋಶವನ್ನು ಹಿಗ್ಗಿಸಿ ಹಾಳುಮಾಡುತ್ತಿತ್ತು. ಪರೀಕ್ಷಿಸದೆ ಇದು ತಿಳಿಯುತ್ತಿರಲಿಲ್ಲ.

ಇದನ್ನೆಲ್ಲ ಸರಳವಾಗಿ ಹೇಳಿದೆ. ಆಕೆ ಹೆಬ್ಬೆಟ್ಟು ಮುಂದೆ ಚಾಚಿದಳು: "ನಮ್ಮ ಭಾಷಾದವರು, ನೀವು ಹೇಳಿದ್ರ ಒತ್ತತೀನ್ರಿ."

ಅಲ್ಲಿಗೆ ನಾನು ನಿಂತೆ. ಆಕೆ ನಂಬಿದ್ದು ನನ್ನ ಭಾಷೆಯನ್ನು, ಅಧ್ಯಯನವನ್ನಲ್ಲ. 2019ರ ಕ್ಲಿನಿಕಲ್ ಟ್ರಯಲ್ಸ್ ನಿಯಮದಂತೆ ಮಾಹಿತಿ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೂ ಬೇಕು. ಎರಡೂ ಇರಲಿಲ್ಲ. ಗಡುವು ಮುಗಿಯಿತು, ಅವನನ್ನು ಸೇರಿಸಲಿಲ್ಲ. ಮೇಲಿನವರಿಂದ ಮಾತು ಕೇಳಬೇಕಾಯಿತು.

ಅವನ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗಲಿಲ್ಲ. ಸಣ್ಣ ಉಸಿರು ಕೊಟ್ಟರು, ದಿನಕ್ಕೆ 16 ತಾಸು ಬೋರಲು ಮಲಗಿಸಿದರು. ಹಾಗೆ ಮಲಗಿಸಿದರೆ 28 ದಿನದೊಳಗಿನ ಸಾವು ಶೇ 32.8ರಿಂದ 16ಕ್ಕೆ ಇಳಿಯುತ್ತದೆಂದು 2013ರಲ್ಲಿ ತೋರಿಸಿದ್ದು ಫ್ರಾನ್ಸ್, ಸ್ಪೇನ್‌ನ 466 ರೋಗಿಗಳ ಅಧ್ಯಯನ. ಯಾರೋ ಕೊಟ್ಟ ಒಪ್ಪಿಗೆ ಇವನ ಉಸಿರಿಗೆ ಆಸರೆಯಾಯಿತು. ಮೂರು ವಾರದ ಮೇಲೆ ವಾರ್ಡಿಗೆ ಬಂದ.

ಈಗ ಎಥಿಕ್ಸ್ ಕಮಿಟಿ ಒಪ್ಪಿದ ಕನ್ನಡ ಪತ್ರ ನಮ್ಮಲ್ಲಿದೆ. ಅದನ್ನು ಓದಿಸಿಕೊಂಡು ಒಪ್ಪಿದವರೂ ಇದ್ದಾರೆ, ಬೇಡ ಎಂದವರೂ ಇದ್ದಾರೆ.

ಹೊರನಾಡಿನಲ್ಲಿ ನಿಮ್ಮವರಿಗೆ ಇಂಥ ಹೊತ್ತು ಬಂದರೆ ಮೂರು ಮಾತು ಕೇಳಿ: ಪತ್ರ ಕನ್ನಡದಲ್ಲಿದೆಯೇ? ಬೇಡವೆಂದರೆ ಚಿಕಿತ್ಸೆ ಹಾಗೇ ಮುಂದುವರಿಯುತ್ತದೆಯೇ? ಅಧ್ಯಯನದಿಂದ ತೊಂದರೆಯಾದರೆ ಹೊಣೆ ಯಾರದು? ಉತ್ತರ ಸಿಕ್ಕ ಮೇಲೆ ಸಹಿ ಹಾಕಿ, ಇಲ್ಲವೇ ಬಿಡಿ. ಎರಡೂ ನಿಮ್ಮ ಹಕ್ಕು.