ಪೈಪಿನ ಹೊರಗಿನ ಸಂದು

ಚಿಕ್ಕನಾಯಕನಹಳ್ಳಿ ಹತ್ತಿರದ ನಮ್ಮ ತೋಟದ ಬೋರು 820 ಅಡಿ. ಮೇಲಿನ 70 ಅಡಿ ಬರೀ ಕೆಮ್ಮಣ್ಣು. ಅಷ್ಟಕ್ಕೂ ಕೇಸಿಂಗ್ ಪೈಪು ಇಳಿಸಿದ್ದೆವು. ಆದರೆ ಪೈಪಿನ ತುದಿ ಬಂಡೆಯ ಮೇಲೆ ಸರಿಯಾಗಿ ಕೂತಿರಲಿಲ್ಲ. ಉತ್ತರೆ ಮಳೆ ಹಿಡಿದದ್ದೇ ತಡ, ಡ್ರಿಪ್‌ನಲ್ಲಿ ಕೆಂಪು ನೀರು. ತೂತುಗಳೆಲ್ಲ ಕಟ್ಟಿಕೊಂಡವು. ಕೇಸಿಂಗ್ ಸುತ್ತ ಸಿಮೆಂಟ್ ಹಾಲು ಸುರಿಸಿದೆ. ಮರು ಬೇಸಿಗೆಗೆ ನೋಡಿದರೆ ಪೈಪಿಗೂ ಸಿಮೆಂಟಿಗೂ ನಡುವೆ ಪೊರಕೆ ಕಡ್ಡಿ ತೂರುವಷ್ಟು ಸಂದು.

ಮೂರ್ನಾಲ್ಕು ಕಿಲೋಮೀಟರ್ ಆಳದ ತೈಲ ಬಾವಿಗೂ ಇದೇ ಕಾಟ. ಉಕ್ಕಿನ ಕೇಸಿಂಗಿಗೂ ಕಲ್ಲಿಗೂ ನಡುವೆ ಸಿಮೆಂಟ್ ತುಂಬುತ್ತಾರೆ. ಗಟ್ಟಿಯಾಗುವಾಗ ಅದು ತುಸು ಕುಗ್ಗುತ್ತದೆ. ಪೈಪು ಕಾದು ಆರಿದಂತೆಲ್ಲ ಬಿಟ್ಟುಕೊಳ್ಳುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಅನಿಲ ಮೇಲೇರುತ್ತದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಬಾವಿಯೊಂದರಲ್ಲಿ ತಳದ ಸಿಮೆಂಟ್ ಅನಿಲವನ್ನು ತಡೆಯಲಿಲ್ಲ. ಡೀಪ್‌ವಾಟರ್ ಹೊರೈಜನ್ ರಿಗ್ ಹೊತ್ತಿಕೊಂಡು 11 ಮಂದಿ ಪ್ರಾಣ ಬಿಟ್ಟರು. 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು. ಬೋರ್ ಲಾರಿಯ ಪಕ್ಕ ರಾತ್ರಿಯಿಡೀ ನಿಂತ ನನಗೆ ಆ ಹನ್ನೊಂದು ಜನ ಎಲ್ಲಿಯವರೋ ಅನಿಸುವುದಿಲ್ಲ.

ಸಂದು ಕಂಡಲ್ಲಿ ತಾನೇ ಹಿಗ್ಗಿ ತುಂಬುವ ವಸ್ತುವಿದ್ದರೆ? ನಮ್ಮ ಕಡೆ ತೆಂಗಿನ ನಾರಿನ ಪುಡಿಯನ್ನು ಒತ್ತಿ 5 ಕೆಜಿಯ ಇಟ್ಟಿಗೆ ಮಾಡುತ್ತಾರೆ. ಬಾಂಡ್ಲಿಯಲ್ಲಿಟ್ಟು ನೀರು ಹೊಯ್ಯಿರಿ. ಮೊದಲು ಅಂಚು ಬಿರಿಯುತ್ತದೆ, ಆಮೇಲೆ ಪದರ ಪದರವಾಗಿ ಎದ್ದು ಬಾಂಡ್ಲಿ ತುಂಬಿ ಹೊರಚೆಲ್ಲುತ್ತದೆ. ಆಕಾರ ನೆನಪಿಟ್ಟುಕೊಳ್ಳುವ ಪಾಲಿಮರ್ ನೊರೆಯ ಗುಣವೂ ಹೆಚ್ಚುಕಡಿಮೆ ಹೀಗೇ, ಆದರೆ ಅದನ್ನು ಎಬ್ಬಿಸುವುದು ಶಾಖ. ಬಿಸಿಯಲ್ಲಿ ಅದುಮಿ ಹಾಗೆಯೇ ತಣಿಸಿದರೆ ಸಣ್ಣದಾಗಿ ಉಳಿಯುತ್ತದೆ. ಪೈಪಿಗೆ ಸುತ್ತಿ ಇಳಿಸಿದ ಮೇಲೆ ಭೂಮಿಯೊಳಗಿನ ಬಿಸಿ ತಗುಲಿ ಹಳೆಯ ಗಾತ್ರಕ್ಕೆ ಮರಳಿ ಕಲ್ಲಿಗೆ ಒತ್ತಿಕೊಳ್ಳುತ್ತದೆ. ಬಾವಿಗೆ ಮರಳು ನುಗ್ಗದಂತೆ ತಡೆಯಲು ಇದನ್ನು ಬಳಸಿದ್ದಾರೆ. ಅನಿಲ, ನೀರು ಕಟ್ಟಿಹಾಕಲು ರಬ್ಬರ್ ಪಟ್ಟಿಗಳಿವೆ: ಒಂದು ಜಾತಿಯದು ಎಣ್ಣೆ ಕುಡಿದು ಊದಿಕೊಳ್ಳುತ್ತದೆ, ಇನ್ನೊಂದು ನೀರು ಕುಡಿದು.

ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ನಿಟಿನಾಲ್ ಲೋಹಕ್ಕೂ ಆ ನೊರೆಯಂತೆ ಆಕಾರ ನೆನಪಿಟ್ಟುಕೊಳ್ಳುವ ಶಕ್ತಿಯಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲೂ ಅಂಥ ಲೋಹಗಳ ಮೇಲೆ ಕೆಲಸ ನಡೆದಿದೆ. ಬಿಸ್ಮತ್ ಎಂಬ ಲೋಹದ್ದು ಬೇರೆ ದಾರಿ: ಕರಗಿಸಿ ಸುರಿದರೆ, ನೀರು ಮಂಜುಗಡ್ಡೆಯಾಗುವಾಗ ಹಿಗ್ಗುವಂತೆ, ಗಟ್ಟಿಯಾಗುತ್ತಲೇ ಹಿಗ್ಗಿ ಬಿಗಿದುಕೊಳ್ಳುತ್ತದೆ.

ನೀರು ಕುಡಿದು ಊದುವ ಆ ರಬ್ಬರ್ ಪಟ್ಟಿ ನಮ್ಮ ಕೇಸಿಂಗಿನ ತುದಿಗೊಂದು ಇದ್ದಿದ್ದರೆ, ಇಳಿದು ಬಂದ ಮಳೆನೀರೇ ತನ್ನ ದಾರಿ ಮುಚ್ಚಿಕೊಳ್ಳುತ್ತಿತ್ತು. ತೈಲದವರಿಗೆ ಸಿಗುವುದು ತೆಂಗಿನವರ ಕೈಗೂ ಎಟುಕಬೇಕೆಂದು ನನ್ನ ಆಸೆ. ಅಲ್ಲಿಯವರೆಗೆ, ಮತ್ತೊಂದು ಬೋರು ಕೊರೆಸುವ ದಿನ, ಗಟ್ಟಿ ಬಂಡೆ ಸಿಕ್ಕ ಮೇಲೂ ನಾಲ್ಕಡಿ ಕೇಸಿಂಗ್ ಒಳಕ್ಕೆ ಇಳಿಸಿ ಎಂದು ಲಾರಿಯವರ ಮುಂದೆ ಪಟ್ಟು ಹಿಡಿಯುತ್ತೇನೆ.