ಅನ್‌ಸಬ್‌ಸ್ಕ್ರೈಬ್ ಒತ್ತುವ ಮುನ್ನ

ಸೀರೆ ಅಂಗಡಿಯ ಆಫರ್, ಕೇಳದೆಯೇ ಮಂಜೂರಾದ ಸಾಲ, ಲಾಟರಿ ಹೊಡೆದ ಸುದ್ದಿ. ಇಂಥ ಇಮೇಲ್‌ಗಳ ಬುಡದಲ್ಲಿ, ಕಂಡೂ ಕಾಣದಂಥ ಬೂದು ಅಕ್ಷರಗಳಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಎಂದು ಬರೆದಿರುತ್ತದೆ. ಅದನ್ನು ಒತ್ತಿದ ಮೇಲೆ ಕಾಟ ತಪ್ಪಿತು ಎನ್ನುವವರಿದ್ದಾರೆ, ಒತ್ತಿದ ಮೇಲೆಯೇ ಕಾಟ ಹೆಚ್ಚಾಯಿತು ಎಂದು ಗೊಣಗುವವರೂ ಇದ್ದಾರೆ. ಇಬ್ಬರ ಮಾತೂ ನಿಜವೇ. ಕಳಿಸಿದವರು ಯಾರು ಎಂಬುದರ ಮೇಲೆ ಆ ಲಿಂಕಿನ ಕೆಲಸ ಬದಲಾಗುತ್ತದೆ.

ಕಂಪ್ಯೂಟರಿನಲ್ಲಿ ಆ ಲಿಂಕನ್ನು ಒತ್ತದೆ, ಮೌಸಿನ ಬಾಣವನ್ನು ಸುಮ್ಮನೆ ಅದರ ಮೇಲೆ ನಿಲ್ಲಿಸಿ ನೋಡಿ. ಪರದೆಯ ಕೆಳಮೂಲೆಯಲ್ಲಿ ಉದ್ದನೆಯ ವಿಳಾಸವೊಂದು ಮೂಡುತ್ತದೆ. ಅದರ ಬಾಲದಲ್ಲಿ ಸಾಮಾನ್ಯವಾಗಿ ತಲೆಬುಡವಿಲ್ಲದ ಅಕ್ಷರ, ಅಂಕಿಗಳ ಸಾಲಿರುತ್ತದೆ. ನಮಗೆ ಅದು ಅರ್ಥವಾಗದಿದ್ದರೂ ಕಳಿಸಿದವರಿಗೆ ಆಗುತ್ತದೆ. ಲಕ್ಷ ಜನರಿಗೆ ಹೋದ ಇಮೇಲ್ ಒಂದೇ ಆದರೂ ಈ ಸಾಲು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ನೀವು ಒತ್ತಿದ ಕೂಡಲೇ ಅವರ ಸರ್ವರ್ ಅದನ್ನು ಓದಿ, ಒತ್ತಿದ್ದು ಯಾರೆಂದು ಗುರುತು ಹಿಡಿಯುತ್ತದೆ.

ನೆಟ್ಟಗಿನ ಕಂಪನಿಯಾದರೆ ನಿಮ್ಮ ವಿಳಾಸದ ಮುಂದೆ ‘ಇವರಿಗೆ ಬೇಡ’ ಎಂದು ಗುರುತು ಹಾಕಿಕೊಳ್ಳುತ್ತದೆ. ವಿಳಾಸವನ್ನು ಪೂರ್ತಿ ಅಳಿಸುವುದಿಲ್ಲ. ಅಳಿಸಿಬಿಟ್ಟರೆ ನಾಳೆ ಇನ್ನೊಂದು ಪಟ್ಟಿಯಲ್ಲಿ ಅದೇ ವಿಳಾಸ ಒಳಗೆ ಬಂದಾಗ, ಇವರು ಬೇಡ ಎಂದಿದ್ದರು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. ಹಾಗಾಗಿ ಬೇಡವೆಂದವರದ್ದೇ ಒಂದು ಪಟ್ಟಿಯನ್ನು ಇಟ್ಟುಕೊಂಡಿರಬೇಕಾಗುತ್ತದೆ. ಮೋಸಗಾರ ಬರೆದುಕೊಳ್ಳುವುದೇ ಬೇರೆ: ಈ ವಿಳಾಸದ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಬಂದದ್ದನ್ನು ತೆರೆಯುತ್ತಾನೆ, ಲಿಂಕನ್ನೂ ಒತ್ತುತ್ತಾನೆ. ಇಂಥ ವಿಳಾಸ ಅವನಿಗೆ ಹೆಚ್ಚು ಬೆಲೆಬಾಳುವ ಸರಕು.

ಒತ್ತುವ ತನಕ ಅವನು ಕಾಯಬೇಕೆಂದೂ ಇಲ್ಲ. ಇಮೇಲಿನೊಳಗೆ ಒಂದೇ ಒಂದು ಪಿಕ್ಸೆಲ್ ಅಗಲದ, ಬಣ್ಣವಿಲ್ಲದ ಚಿತ್ರವನ್ನು ಅಡಗಿಸಿಟ್ಟಿರುತ್ತಾರೆ. ಚಿತ್ರ ಇರುವುದು ಅವರ ಸರ್ವರಿನಲ್ಲಿ. ನೀವು ಇಮೇಲ್ ತೆರೆದಾಗ ಅದನ್ನು ತರಲು ಒಂದು ಕೋರಿಕೆ ಅಲ್ಲಿಗೆ ಹೋಗುತ್ತದೆ, ನೀವು ತೆರೆದ ಸಂಗತಿ ಅಲ್ಲಿ ದಾಖಲಾಗುತ್ತದೆ. 2013ರ ಕೊನೆಯಿಂದ ಜಿಮೇಲ್ ಇಂಥ ಚಿತ್ರಗಳನ್ನು ತನ್ನದೇ ಸರ್ವರಿನ ಮೂಲಕ ತರಿಸುತ್ತಿದೆ. ಅದರಿಂದ ನೀವು ಯಾವ ಕಡೆಯಿಂದ ತೆರೆದಿರಿ ಎಂಬುದು ಮರೆಯಾಗುತ್ತದೆ, ತೆರೆದಿರಿ ಎಂಬುದು ಮರೆಯಾಗುವುದಿಲ್ಲ. ಸೆಟ್ಟಿಂಗಿಗೆ ಹೋಗಿ, ಚಿತ್ರ ತೋರಿಸುವ ಮೊದಲು ಕೇಳುವಂತೆ ಮಾಡಿಕೊಂಡರೆ ಈ ಬೇಹುಗಾರಿಕೆಗೆ ಕಡಿವಾಣ ಬೀಳುತ್ತದೆ.

ಇಷ್ಟೆಲ್ಲ ಪಾಡು ಯಾಕೆ ಪಡುತ್ತಾರೆ? 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ‘ಸ್ಟಾರ್ಮ್’ ಎಂಬ ಬಾಟ್‌ನೆಟ್‌ನ ಒಳಹೊಕ್ಕು ಲೆಕ್ಕ ತೆಗೆದರು. ಸೋಂಕು ತಗುಲಿದ ಸಾವಿರಾರು ಕಂಪ್ಯೂಟರುಗಳು ಮಾಲೀಕರಿಗೇ ತಿಳಿಯದಂತೆ ಸ್ಪ್ಯಾಮ್ ಕಳಿಸುತ್ತಿದ್ದ ಜಾಲ ಅದು. ಔಷಧಿ ಮಾರುವ ಸುಮಾರು 35 ಕೋಟಿ ಇಮೇಲ್ ಹೋದವು. ಕೊಳ್ಳಲು ಮುಂದಾದವರು 28 ಮಂದಿ. ಯಾವ ಅಂಗಡಿಯಾದರೂ ಈ ವ್ಯಾಪಾರದಲ್ಲಿ ಬಾಗಿಲು ಮುಚ್ಚಬೇಕಾಗಿತ್ತು. ಆದರೆ ಕಳಿಸುವ ಖರ್ಚನ್ನು ಊರವರ ಕಂಪ್ಯೂಟರುಗಳ ತಲೆಗೆ ಕಟ್ಟಿದವನಿಗೆ ಒಂದು ಕೋಟಿ ಇಮೇಲಿಗೆ ಒಬ್ಬ ಗಿರಾಕಿ ಸಿಕ್ಕರೂ ಗಿಟ್ಟುತ್ತದೆ. ಬೇಡ ಎಂದವರ ಹೆಸರನ್ನು ತೆಗೆಯುತ್ತಾ ಕೂರುವ ದರ್ದು ಅವನಿಗಿಲ್ಲ. ತೆಗೆದರೂ ಪ್ರಯೋಜನ ಅಷ್ಟಕ್ಕಷ್ಟೆ, ಅದೇ ಪಟ್ಟಿ ಅಷ್ಟರಲ್ಲಿ ಇನ್ನೊಬ್ಬನ ಕೈ ಸೇರಿರುತ್ತದೆ.

ಹಾಗಾದರೆ ಕಳಿಸಿದವನನ್ನೇ ಬ್ಲಾಕ್ ಮಾಡಿದರೆ? ಅಂಗಡಿಯವರ ಮಟ್ಟಿಗೆ ಸರಿ, ಮೋಸಗಾರರ ಮಟ್ಟಿಗೆ ವ್ಯರ್ಥ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ 1982ರದ್ದು, ಒಬ್ಬರನ್ನೊಬ್ಬರು ನಂಬುವ ವಿಶ್ವವಿದ್ಯಾಲಯಗಳ ಕಾಲದ್ದು. ಅಂಚೆ ಕಾರ್ಡಿನ ಮೇಲೆ ‘ಇಂದ’ ಎಂದು ಯಾರ ಹೆಸರನ್ನಾದರೂ ಬರೆಯಬಹುದಾದಂತೆ ಇಲ್ಲಿಯೂ ಬರೆಯಬಹುದಿತ್ತು. ಎಸ್‌ಪಿಎಫ್, ಡಿಕೆಐಎಂ ಎಂಬ ತಪಾಸಣೆಗಳು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಇವತ್ತು ಒಂದು ವಿಳಾಸವನ್ನು ತಡೆದರೆ ನಾಳೆ ಇನ್ನೊಂದರಿಂದ ಬರುತ್ತದೆ.

ಮಾಡಬಹುದಾದದ್ದು ಇದೆ. ಬುಡದ ಲಿಂಕನ್ನು ಬಿಟ್ಟು, ಜಿಮೇಲಿನಲ್ಲಿ ಕಳಿಸಿದವರ ಹೆಸರಿನ ಪಕ್ಕವೇ ಕಾಣುವ ‘ಅನ್‌ಸಬ್‌ಸ್ಕ್ರೈಬ್’ ಒತ್ತಿ. ಅದು ಇಮೇಲಿನ ಮೈಯೊಳಗಿನ ಲಿಂಕ್ ಅಲ್ಲ. ನಮಗೆ ಕಾಣದ ತಲೆಬರಹದಲ್ಲಿ, ಹೊರಹೋಗುವ ದಾರಿ ಇದು ಎಂದು ಕಳಿಸಿದವರು ಬರೆದಿರುವ ಸಾಲನ್ನು ಜಿಮೇಲ್ ಓದಿ ಗುಂಡಿಯಾಗಿ ತೋರಿಸುತ್ತದೆ. ಇಂಥ ಸಾಲಿಗೆ 1998ರಲ್ಲೇ ನಿಯಮ ರೂಪಿಸಿದ್ದರು, ಒಂದೇ ಒತ್ತಿಗೆ ಕೆಲಸ ಮುಗಿಯುವ ಬಗೆ 2017ರಲ್ಲಿ ಬಂತು. ಈ ಬಗೆಯಲ್ಲಿ ಕೋರಿಕೆ ಕಳಿಸುವುದು ನಿಮ್ಮ ಇಮೇಲ್ ಸೇವೆ. ನೀವು ಯಾವ ಪುಟಕ್ಕೂ ಹೋಗಬೇಕಿಲ್ಲ, ‘ಕಾರಣ ತಿಳಿಸಿ’ ಎಂಬ ಗೋಳಿಲ್ಲ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಕಳಿಸುವವರು ತಮ್ಮ ಪ್ರಚಾರದ ಇಮೇಲ್‌ಗಳಲ್ಲಿ ಇದನ್ನು ಇಡಲೇಬೇಕೆಂದು ಗೂಗಲ್ 2024ರಲ್ಲಿ ಕಟ್ಟಪ್ಪಣೆ ಮಾಡಿತು.

ಈ ಗುಂಡಿ ಕಾಣದಿದ್ದರೆ, ಕಳಿಸಿದವರು ಯಾರೆಂದೇ ಗೊತ್ತಿಲ್ಲದಿದ್ದರೆ, ಏನನ್ನೂ ಒತ್ತದೆ ‘ರಿಪೋರ್ಟ್ ಸ್ಪ್ಯಾಮ್’ ಮಾಡಿ. ಅದು ಬರಿ ಕಸದ ಬುಟ್ಟಿಯಲ್ಲ. ಕಳಿಸಿದವರ ಇಮೇಲ್‌ಗಳಲ್ಲಿ ಸಾವಿರಕ್ಕೆ ಮೂರರ ಮೇಲೆ ಇಂಥ ದೂರು ಬಂದರೆ ಅವರ ಉಳಿದ ಇಮೇಲ್‌ಗಳೂ ಇನ್‌ಬಾಕ್ಸ್ ತಲುಪುವುದು ಕಷ್ಟವಾಗುತ್ತದೆ. ಕಂಪನಿಗಳು ಹೆದರುವುದು ಇದಕ್ಕೇ, ಕಾನೂನಿಗಲ್ಲ. ನಮ್ಮಲ್ಲಂತೂ ಕಿರಿಕಿರಿಯ ಇಮೇಲನ್ನು ಅಪರಾಧವೆಂದಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಬೀಳಬೇಕಾದದ್ದೇ. ಒಟ್ಟಿಗೆ ಸ್ಪ್ಯಾಮಿನ ಮಾತೂ ಬಿತ್ತು.

ಈಗಾಗಲೇ ಕಳ್ಳರ ಪಟ್ಟಿ ಸೇರಿದ ವಿಳಾಸವನ್ನು ಹಿಂದಕ್ಕೆ ತರಲಾಗದು. ಮುಂದಿನದ್ದನ್ನು ಕಾಯಬಹುದು. ಜಿಮೇಲಿನಲ್ಲಿ ನಿಮ್ಮ ಹೆಸರಿಗೆ ಒಂದು ಪ್ಲಸ್ ಚಿಹ್ನೆ ಹಾಕಿ ಅಂಗಡಿಯ ಹೆಸರು ಸೇರಿಸಿ ಕೊಟ್ಟರೂ ಇಮೇಲ್ ನಿಮಗೇ ಬರುತ್ತದೆ. ನಾಳೆ ಆ ವಿಳಾಸಕ್ಕೆ ಸಾಲದ ಜಾಹೀರಾತು ಬಂದರೆ ಯಾರ ಕಡೆಯಿಂದ ಸೋರಿತೆಂದು ಗೊತ್ತಾಗುತ್ತದೆ. ಚಾಲಾಕಿಗಳು ಪ್ಲಸ್ಸನ್ನೇ ಕತ್ತರಿಸಿ ಅಸಲಿ ವಿಳಾಸ ತೆಗೆಯುತ್ತಾರೆ, ಅದೊಂದು ಕೊರತೆ. ಆಪಲ್‌ನ ‘ಹೈಡ್ ಮೈ ಇಮೇಲ್’, ಫೈರ್‌ಫಾಕ್ಸ್‌ನವರ ‘ರಿಲೇ’ ಇದಕ್ಕಿಂತ ಗಟ್ಟಿ: ಅಂಗಡಿಗೊಂದು ಸುಳ್ಳು ವಿಳಾಸ ಹುಟ್ಟಿಸಿಕೊಡುತ್ತವೆ, ಅಲ್ಲಿಗೆ ಬಂದದ್ದನ್ನು ನಿಮಗೆ ದಾಟಿಸುತ್ತವೆ, ಸಾಕೆನಿಸಿದ ದಿನ ಆ ವಿಳಾಸವನ್ನೇ ಮುಚ್ಚಬಹುದು. ಬ್ಯಾಂಕಿಗೆ, ಆದಾಯ ತೆರಿಗೆಯವರಿಗೆ ಮಾತ್ರ ಅಸಲಿ ವಿಳಾಸ ಕೊಡಿ. ಬಿಲ್ ಹಾಕುವಾಗ ಇಮೇಲ್ ಕೇಳುವ ಬಟ್ಟೆ ಅಂಗಡಿಗೆ ಅದರ ಅಗತ್ಯವಿಲ್ಲ.